ಪಿಐಡಿ ತಾಪಮಾನ ನಿಯಂತ್ರಕ: ಕೊಂಡರೆ ಸಾಲದು, ಸರಿಯಾಗಿ ಹೊಂದಿಸಬೇಕು

ಪೀಣ್ಯದಲ್ಲಿರುವ ನಮ್ಮ ಪೌಡರ್ ಕೋಟಿಂಗ್ (ಲೋಹಕ್ಕೆ ಪುಡಿ ಬಣ್ಣ ಹಾಕಿ ಬೇಯಿಸುವ) ಘಟಕದ ವಿದ್ಯುತ್ ಓವನ್ನಿಗೆ 48 ಮಿ.ಮೀ. ಚೌಕದ ಈ ಪಿಐಡಿ ನಿಯಂತ್ರಕವನ್ನು (ಬೇಕಾದ ಶಾಖಕ್ಕೂ ಇರುವ ಶಾಖಕ್ಕೂ ನಡುವಿನ ಅಂತರ ನೋಡಿ ಹೀಟರನ್ನು ಹದವಾಗಿ ನಡೆಸುವ ಉಪಕರಣ) ಅಳವಡಿಸಿ ಹಲವು ವರ್ಷಗಳಾದವು. ಹಳೆಯ ಥರ್ಮೋಸ್ಟಾಟ್ ಇದ್ದಾಗ ಶಾಖ ಮೇಲಕ್ಕೂ ಕೆಳಕ್ಕೂ ಹೊಯ್ದಾಡಿ, ಬಿಳಿ ಬಣ್ಣ ಆಗಾಗ ಹಳದಿಗೆ ತಿರುಗುತ್ತಿತ್ತು. ಈಗ 190 ಡಿಗ್ರಿ ಎಂದರೆ ಒಂದೆರಡು ಡಿಗ್ರಿ ಆಚೀಚೆ, ಅಷ್ಟೇ. ಈ ಬೆಲೆಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಆದರೆ ಸೆಟ್ಟಿಂಗ್ ತಪ್ಪಿದರೆ ಇದೇ ಉಪಕರಣ ಕೆಲಸ ಕೆಡಿಸುತ್ತದೆ. ಮೊದಲು ಸೆನ್ಸರ್ ಯಾವುದೆಂದು ನೋಡಿ. ಕೆ-ಟೈಪ್ ಥರ್ಮೋಕಪಲ್ (ಎರಡು ಬೇರೆ ಲೋಹದ ತಂತಿಗಳ ಶಾಖ ಸೆನ್ಸರ್; ಕೆ, ಜೆ ಅದರ ಬಗೆಗಳು) ಜೋಡಿಸಿ ಮೆನುವಿನಲ್ಲಿ ಜೆ ಎಂದೇ ಬಿಟ್ಟರೆ, ಒಳಗೆ 200 ಡಿಗ್ರಿ ಇದ್ದರೂ ಪರದೆಯಲ್ಲಿ ಕಾಣುವುದು 160ರ ಆಸುಪಾಸು. ಯಾವ ಅಲಾರಾಂ ಕೂಡ ಬರುವುದಿಲ್ಲ. ಹೀಟರ್ ಉರಿಯುತ್ತಲೇ ಇರುತ್ತದೆ. ಪ್ಯಾನೆಲ್‌ವರೆಗಿನ ತಂತಿಯೂ ಕೆ-ಟೈಪಿನದ್ದೇ ಇರಲಿ. ಮಾಮೂಲಿ ತಾಮ್ರದ ವೈರ್ ಎಳೆದರೆ ಓವನ್ ಪಕ್ಕದ ಜಂಕ್ಷನ್ ಬಾಕ್ಸ್ ಬಿಸಿಯಾದಷ್ಟೂ ಪರದೆಯ ಅಂಕಿ ನಿಜಕ್ಕಿಂತ ಕೆಳಗಿಳಿಯುತ್ತದೆ.

ಸೈಕಲ್ ಟೈಮ್ (ಹೀಟರ್ ಒಮ್ಮೆ ಆನ್ ಆಗಿ ಆಫ್ ಆಗುವ ಸುತ್ತಿನ ಅವಧಿ) ಅನ್ನು ಹೆಚ್ಚಿನವರು ಮುಟ್ಟುವುದೇ ಇಲ್ಲ. ಚಲಿಸುವ ಭಾಗಗಳಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್ ಆದ ಎಸ್‌ಎಸ್‌ಆರ್‌ಗೆ 2 ಸೆಕೆಂಡ್ ಸರಿ. ಒಳಗೆ ಲೋಹದ ತುದಿಗಳು ಕೂಡಿ ಬಿಡುವ ರಿಲೇಗೂ ಅದನ್ನೇ ಇಟ್ಟರೆ ಗಂಟೆಗೆ 1,800 ಬಾರಿ ಬಡಿದುಕೊಳ್ಳುತ್ತದೆ. 1 ಲಕ್ಷ ಬಾರಿಯ ಬಾಳಿಕೆಯ ರಿಲೇ ದಿನಕ್ಕೆ ಎಂಟು ಗಂಟೆಯಂತೆ ಒಂದು ವಾರದಲ್ಲಿ ಮುಗಿಯುತ್ತದೆ. ರಿಲೇ, ಕಾಂಟ್ಯಾಕ್ಟರ್ (ದೊಡ್ಡ ರಿಲೇ) ಇದ್ದಲ್ಲಿ 20 ಸೆಕೆಂಡ್ ಇಡಿ.

ಆಟೋಟ್ಯೂನ್ ನಿಜಕ್ಕೂ ಚೆನ್ನಾಗಿದೆ. ಹೀಟರನ್ನು ಪೂರ್ತಿ ಹಾಕಿ, ಪೂರ್ತಿ ತೆಗೆದು, ಓವನ್ ಎಷ್ಟು ಹೊತ್ತಿಗೆ ಏರಿಳಿಯುತ್ತದೆ ಎಂದು ಅಳೆದು ಪಿ, ಐ, ಡಿ ಮೌಲ್ಯಗಳನ್ನು ತಾನೇ ಲೆಕ್ಕ ಹಾಕುತ್ತದೆ. ಖಾಲಿ ಓವನ್ನಿನಲ್ಲಿ ಮಾತ್ರ ಇದನ್ನು ಮಾಡಬೇಡಿ. ದಿನವೂ ತೂಗುಹಾಕುವಷ್ಟು ಸರಕು ತುಂಬಿ, ಬಾಗಿಲು ಮುಚ್ಚಿ, ದುಡಿಯುವ ಉಷ್ಣತೆಯಲ್ಲೇ ನಡೆಸಿ. ಬಂದ ಅಂಕಿಗಳನ್ನು ಬರೆದು ಪ್ಯಾನೆಲ್ ಬಾಗಿಲಿನ ಒಳಬದಿಗೆ ಅಂಟಿಸಿ, ಆಮೇಲೆ ಕೀಲಿಗಳನ್ನು ಲಾಕ್ ಮಾಡಿ.

ಕೈಪಿಡಿಯ ಬಗ್ಗೆ ನನಗೆ ಸಿಟ್ಟಿದೆ. ಅಕ್ಷರಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಕನ್ನಡದಲ್ಲಿ ಒಂದು ಸಾಲೂ ಇಲ್ಲ. ಪಾಳಿಯಲ್ಲಿ ಓವನ್ ನೋಡಿಕೊಳ್ಳುವವರು ಅದನ್ನು ಓದುವುದಾದರೂ ಹೇಗೆ?

ಇನ್ನೊಂದು ಮಾತು, ದಯವಿಟ್ಟು ಇದನ್ನು ಬಿಡಬೇಡಿ. ಎಸ್‌ಎಸ್‌ಆರ್ ಕೆಟ್ಟರೆ ಸಾಮಾನ್ಯವಾಗಿ ಶಾರ್ಟ್ ಆಗಿ ಆನ್ ಸ್ಥಿತಿಯಲ್ಲೇ ಉಳಿಯುತ್ತದೆ. ಆಗ ನಿಯಂತ್ರಕ ಏನು ಹೇಳಿದರೂ ಹೀಟರ್ ಕೇಳುವುದಿಲ್ಲ. ಬೇರೆಯದೇ ಸೆನ್ಸರ್ ಇರುವ ಹೈ-ಲಿಮಿಟ್ ಸಾಧನವೊಂದು, ಶಾಖ ಮಿತಿ ಮೀರಿದರೆ ಮುಖ್ಯ ಕಾಂಟ್ಯಾಕ್ಟರನ್ನು ಬೀಳಿಸಿ ಹೀಟರಿನ ವಿದ್ಯುತ್ ಕಡಿಯುವಂತಿರಬೇಕು.

ಒಂದೇ ಉಷ್ಣತೆಯಲ್ಲಿ ನಡೆಯುವ ಓವನ್‌ಗಳಿಗೆ ಇದನ್ನು ಧೈರ್ಯವಾಗಿ ಕೊಳ್ಳಿ. ಹಂತಹಂತವಾಗಿ ಏರಿಸಿ ಇಳಿಸಬೇಕಾದ ಹೀಟ್ ಟ್ರೀಟ್‌ಮೆಂಟ್ ಕುಲುಮೆಗೆ ಇದು ಸಾಲದು, ರ‍್ಯಾಂಪ್-ಸೋಕ್ ಇರುವ ಮಾದರಿಯನ್ನೇ ತೆಗೆದುಕೊಳ್ಳಿ.