ಗೋಕರ್ಣದ ದಾರಿಯೋ, ಕುಮಟೆಯ ದಾರಿಯೋ?

ಉತ್ತರ ಕನ್ನಡದ ಕಡಲಂಚಿನಲ್ಲಿ ನಡೆಯಬೇಕು ಅಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಗೋಕರ್ಣ. ಕುಡ್ಲೆಯಿಂದ ಪ್ಯಾರಡೈಸ್‌ವರೆಗಿನ ಗುಡ್ಡದ ದಾರಿ ಅದು. ಅಘನಾಶಿನಿ ಹೊಳೆಯ ಆಚೆಗೆ ಇನ್ನೊಂದಿದೆ: ಕುಮಟೆಯ ವನ್ನಳ್ಳಿಯಿಂದ ಉತ್ತರಕ್ಕೆ ಬರುವ ದಾರಿ. ಎರಡನ್ನೂ ನಡೆದ ಮೇಲೆ ನನ್ನ ತೀರ್ಪು ಇಷ್ಟು: ನೋಟದಲ್ಲಿ ಗೋಕರ್ಣ ಗೆಲ್ಲುತ್ತದೆ, ನಡಿಗೆಯಲ್ಲಿ ಕುಮಟೆ.

ಗೋಕರ್ಣದ್ದು ಚಿಕ್ಕ ದಾರಿ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಅಂತ ನಾಲ್ಕು ಬೀಚು, ನಡುನಡುವೆ ಗುಡ್ಡ. ಕಾಲು ಮರಳಿಗೆ ಒಗ್ಗುವಷ್ಟರಲ್ಲಿ ಹತ್ತುವುದು ಶುರುವಾಗುತ್ತದೆ. ಓಂ ದಾಟಿ ಮೇಲೇರಿ ಒಮ್ಮೆ ಹಿಂತಿರುಗಿ ನೋಡಿ, ತೀರದ ಬಾಗು ಪೂರ್ತಿ ಕಾಣುತ್ತದೆ. ಫೋಟೊಗಳಲ್ಲಿ ನೋಡಿದ್ದಕ್ಕಿಂತ ಚೆನ್ನಾಗಿಯೇ ಇದೆ. ಆದರೆ ಓಂವರೆಗೆ ರಸ್ತೆ ಇದೆ, ಅಲ್ಲಿಂದ ಮುಂದಕ್ಕೆ ದೋಣಿಯೂ ಸಿಗುತ್ತದೆ. ಹಾಗಾಗಿ ನೀವು ಬೆವರು ಸುರಿಸಿ ತಲುಪುವ ಹೊತ್ತಿಗೆ ದೋಣಿಯಲ್ಲಿ ಬಂದವರು ಆಗಲೇ ನೀರಿಗೆ ಇಳಿದಿರುತ್ತಾರೆ. ರಜೆಯ ದಿನ ಆ ಗದ್ದಲ ಇನ್ನೂ ಜಾಸ್ತಿ. ಹಾಫ್ ಮೂನ್ ಕಡೆಯ ಬಂಡೆಗಳ ಮೇಲೆ ಚಪ್ಪಲಿ ಹಾಕಿಕೊಂಡು ಹೋಗಬೇಡಿ. ಹಿಡಿತ ಇರುವ ಶೂ ಬೇಕು.

ಕುಮಟೆಯ ಕಡೆ ಕಥೆಯೇ ಬೇರೆ. ವನ್ನಳ್ಳಿ, ಕಡ್ಲೆ, ಬಾಡ, ಆಮೇಲೆ ನಿರ್ವಾಣ, ಕೊನೆಗೆ ಅಘನಾಶಿನಿ ಊರು. ಕೆಲವು ಕಡೆ ಗುಡ್ಡ, ಕೆಲವು ಕಡೆ ಮೀನುಗಾರರ ಕೇರಿ, ಉಳಿದಂತೆ ಉದ್ದಕ್ಕೂ ಮರಳು. ಇಲ್ಲಿ ಗಡಿಯಾರಕ್ಕಿಂತ ಸಮುದ್ರದ ಭರತ-ಇಳಿತ ಮುಖ್ಯ. ಇಳಿತದ ಹೊತ್ತಿಗೆ ನೀರಿನ ಅಂಚಿನ ಮರಳು ಗಟ್ಟಿಯಾಗಿರುತ್ತದೆ, ಸಲೀಸಾಗಿ ಹೆಜ್ಜೆ ಹಾಕಬಹುದು. ಭರತ ಏರಿದರೆ ಮೇಲಿನ ಸಡಿಲ ಮರಳಿಗೆ ಸರಿಯಬೇಕು. ಅದರಲ್ಲಿ ಕಾಲು ಹೂತು ಹೂತು ಮೀನಖಂಡ ನೋಯುತ್ತದೆ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಿನ್ನೆ ಹೊರಟ ಹೊತ್ತಿಗೇ ಇವತ್ತೂ ಹೊರಟರೆ ಆಯಿತು ಅನ್ನುವ ಹಾಗಿಲ್ಲ.

ಇನ್ನೊಂದು ತೊಂದರೆ ಇದೆ, ಇದನ್ನು ಯಾರೂ ಹೇಳುವುದಿಲ್ಲ. ತೀರ ಕಡಲಿನ ಕಡೆಗೆ ಇಳಿಜಾರು. ಉತ್ತರಕ್ಕೆ ನಡೆದರೆ ಎಡಗಾಲು ಸದಾ ತಗ್ಗಿನಲ್ಲಿ, ಬಲಗಾಲು ಮೇಲೆ. ಸಂಜೆಗೆ ಒಂದೇ ಪಾದದ ಗಂಟು ನೋಯುತ್ತದೆ. ಆಗಾಗ ಮೇಲಿನ ಸಮತಟ್ಟಿಗೆ ಬಂದು ನಡೆಯುವುದು ಒಳ್ಳೆಯದು.

ಇಷ್ಟೆಲ್ಲ ಇದ್ದರೂ ನಾನು ಕುಮಟೆಗೇ ಮತ ಹಾಕುವುದು ಯಾಕೆ ಅಂದರೆ, ಈ ದಾರಿ ಹೋಗಿ ನಿಲ್ಲುವುದು ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ. ಅಘನಾಶಿನಿ ಹೊಳೆಗೆ ಎಲ್ಲೂ ಅಣೆಕಟ್ಟಿಲ್ಲ. ಸಿಹಿನೀರು, ಉಪ್ಪುನೀರು ಸೇರುವ ಈ ಜಾಗದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿವೆ, ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವ ಗಜನಿ, ಅಂದರೆ ಅಳಿವೆಯಂಚಿನ ತಗ್ಗು ಗದ್ದೆಗಳಿವೆ. ಇಳಿತದ ಹೊತ್ತಿಗೆ ಜನ ನೀರಿಗಿಳಿದು ಚಿಪ್ಪು ಆರಿಸುತ್ತಾರೆ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಗೋಕರ್ಣದ ದಾರಿಯಲ್ಲಿ ಬೀಚು ಬಿಟ್ಟರೆ ಬೀಚು. ಇಲ್ಲಿ ಜನರ ಬದುಕೂ ಕಣ್ಣಿಗೆ ಬೀಳುತ್ತದೆ. ದೋಣಿಯಲ್ಲಿ ಆಚೆ ದಡದ ತದಡಿಗೆ ದಾಟಿದರೆ ಬೇಲೆಕಾನ್ ಮೂಲಕ ಪ್ಯಾರಡೈಸ್ ತಲುಪಬಹುದು. ಅಲ್ಲಿಗೆ ಎರಡೂ ದಾರಿ ಒಂದಾದ ಹಾಗೆ. ಪೂರ್ತಿ ನಡೆಯುವುದಾದರೆ ಎರಡು ದಿನ ಇಟ್ಟುಕೊಳ್ಳಿ, ಒಂದೇ ದಿನಕ್ಕೆ ತುರುಕುವುದು ಸುಮ್ನೆ ಹಠ.

ಕಾರವಾರದ ಮಾಜಾಳಿಯಿಂದ ತಿಳಮಾತಿ ಬೀಚಿಗೆ ಹೋಗುವ ದಾರಿಯನ್ನೂ ಸೇರಿಸಬಹುದಿತ್ತು. ಎಳ್ಳಿನಂಥ ಕಪ್ಪು ಮರಳು, ನೋಡಲೇಬೇಕು. ಆದರೆ ಒಂದು ಗುಡ್ಡ ದಾಟಿದರೆ ಮುಗಿಯಿತು. ಸ್ಪರ್ಧೆಗೆ ಸಾಲದು.

ಅರ್ಧ ದಿನವಷ್ಟೇ ಇದೆ, ಜೊತೆಗೆ ನಡೆದು ಅಭ್ಯಾಸವಿಲ್ಲದವರಿದ್ದಾರೆ ಅಂದರೆ ಗೋಕರ್ಣಕ್ಕೇ ಹೋಗಿ. ಸಾಕಾದಾಗ ದೋಣಿ ಹತ್ತಬಹುದಲ್ವಾ. ಯಾವುದೇ ಆದರೂ ನವೆಂಬರ್‌ನಿಂದ ಫೆಬ್ರುವರಿ ಒಳಗೆ ಮುಗಿಸಿ. ಮಳೆಗಾಲದಲ್ಲಿ ಬಂಡೆ ಪಾಚಿಗಟ್ಟಿ ಜಾರುತ್ತದೆ, ಅಲೆಯೂ ಮೇಲಕ್ಕೆ ಹೊಡೆಯುತ್ತದೆ. ತಲೆಗೆ ಟೋಪಿ, ಒಬ್ಬರಿಗೆ ಎರಡು ಲೀಟರ್ ನೀರು ಬೇಕೇ ಬೇಕು. ಕುಮಟೆಯ ದಾರಿಗಾದರೆ ಮೂರು.