ನಾಲ್ಕು ವರ್ಷ ಮರ ಹೆರೆಯೋ ಕೈ ಹತ್ರಿ ಬಳಸಿದ ಮೇಲೆ (ನಂಬರ್ 4, ನಂಬರ್ 5)

ನಮ್ಮನೆ ತುಮಕೂರಿನ ಕ್ಯಾತ್ಸಂದ್ರದಲ್ಲಿ, ಮರಗೆಲಸ ಮಾಡೋದು ಮಹಡಿ ಮೇಲಿನ ಶೀಟ್ ರೂಮಲ್ಲಿ, ಅದೂ ಡ್ಯೂಟಿ ಮುಗಿಸ್ಕೊಂಡು ಬಂದು ರಾತ್ರಿ ಹೊತ್ತು. ಮೊದಲು ಮರ ಹೆರೆಯೋಕೆ ಕರೆಂಟ್ ಪ್ಲೇನರ್ ಇತ್ತು, ಆನ್ ಮಾಡಿದ್ರೆ ಪಕ್ಕದ ಮನೆ ಮಗು ಎದ್ದು ಅಳೋದು, ಧೂಳು ಅಡುಗೆಮನೆವರ್ಗೂ ಇಳಿಯೋದು, ಮೇಲಾಗಿ ಅದ್ರ ಬ್ಲೇಡು ಸುತ್ತೋದ್ರಿಂದ ಹಲಗೆ ಮೇಲೆ ಸಣ್ಣ ಸಣ್ಣ ಅಲೆ ಉಳಿಯುತ್ತೆ, ಅದನ್ನ ಮತ್ತೆ ಉಪ್ಪುಕಾಗದದಲ್ಲಿ ಉಜ್ಬೇಕು. ಅದಕ್ಕೇ ಕಬ್ಬಿಣದ ಹತ್ರಿ ಎರಡು ತಗೊಂಡೆ. ನಂಬರ್ ಅಂದ್ರೆ ಅದ್ರ ಸೈಜು: ನಂಬರ್ 5 ಸುಮಾರು 14 ಇಂಚು ಉದ್ದ, ಹಲಗೆ ಸಮ ಮಾಡಕ್ಕೆ. 4 ಗಿಡ್ಡದು, ಕೊನೇ ಫಿನಿಶಿಂಗಿಗೆ.

ಡಬ್ಬದಿಂದ ತೆಗೆದ ತಕ್ಷಣ ಕೆಲಸ ಮಾಡುತ್ತೆ ಅನ್ಕೋಬೇಡಿ. ನನ್ನ 4ರ ತಳದ ಮಧ್ಯೆ ಹಳ್ಳ ಇತ್ತು, ಗಾಜಿನ ಮೇಲೆ ಉಪ್ಪುಕಾಗದ ಅಂಟಿಸಿ ಎರಡು ಭಾನುವಾರ ಉಜ್ಜಿದೀನಿ. ಬ್ಲೇಡ್ 25 ಡಿಗ್ರಿಗೆ ಮಸೆದು, 1000 ಗ್ರಿಟ್ (ನುಣುಪು ಕಣದ) ಮಸೆಯೋ ಕಲ್ಲು ಆದ್ಮೇಲೆ ಹಳೇ ಬೆಲ್ಟಿನ ಚರ್ಮದ ಮೇಲೆ ಎಳೀಬೇಕು, ಮುಂಗೈ ಕೂದಲು ಬೋಳಿಸೋವರ್ಗೂ ಬಿಡ್ಬಾರ್ದು.

ನಿಜವಾದ ಪರೀಕ್ಷೆ ಹಲಸಿನ ಮರ. ಗುಬ್ಬಿ ಕಡೆಯಿಂದ ತಂದ ಹಲಗೆ, ಒಳ್ಳೆ ಅರಿಶಿನ ಬಣ್ಣ, ಆದ್ರೆ ನಾರು ಒಂದ್ಕಡೆ ಹೀಗೆ ಇನ್ನೊಂದ್ಕಡೆ ಹಾಗೆ, ಯಾವ ಕಡೆಯಿಂದ ತಳ್ಳಿದ್ರೂ ಕಿತ್ಕೊಂಡು ಬರ್ತಿತ್ತು. ಬ್ಲೇಡ್ ಮೇಲೆ ಕೂರೋ ಚಿಪ್ ಬ್ರೇಕರನ್ನ (ನಾರು ಕಿತ್ತು ಬರೋ ಮೊದ್ಲೇ ಸುರುಳಿ ಮುರಿಯೋ ಕಬ್ಬಿಣದ ಪಟ್ಟಿ) ಬ್ಲೇಡಿನ ತುದಿಗೆ ಅರ್ಧ ಮಿಲಿಮೀಟರಿಗಿಂತ ಹತ್ರ ತಂದೆ, ಬಾಯಿ (ತಳದಲ್ಲಿ ಬ್ಲೇಡ್ ಹೊರಗೆ ಬರೋ ಸೀಳು) ಚಿಕ್ಕದು ಮಾಡ್ದೆ, ಸ್ವಲ್ಪ ಓರೆಯಾಗಿ ತಳ್ಳಿದೆ, ಅಷ್ಟೊತ್ತು ಕಟಕಟ ಅಂತಿದ್ದಿದ್ದು ಸರ್ರ್ ಅಂತು, ಈರುಳ್ಳಿ ಸಿಪ್ಪೆ ಥರ ಸುರುಳಿ ಬಂತು, ಆಚೆ ಕಡೆ ಬೆಳಕು ಕಾಣೋಷ್ಟು ತೆಳು. ಹಲಗೆ ಮೇಲೆ ಕೈ ಆಡಿಸಿದ್ರೆ ಅಷ್ಟು ನುಣುಪು, ಉಪ್ಪುಕಾಗದ ಮುಟ್ಟಿಸೋಕೇ ಮನಸ್ಸು ಬರ್ಲಿಲ್ಲ.

ಕಷ್ಟನೂ ಹೇಳ್ಬೇಕು. ದಪ್ಪ ಮರದಿಂದ ಕಾಲು ಇಂಚು ತೆಗೀಬೇಕು ಅಂದ್ರೆ ಭುಜ ಬಿದ್ದೋಗುತ್ತೆ, ಅಂಥದ್ದು ಈಗ್ಲೂ ಸಾ ಮಿಲ್ಲಲ್ಲೇ ಹೊಡೆಸ್ಕೊಂಡು ಬರ್ತೀನಿ. ಮಳೆಗಾಲದಲ್ಲಿ ಒಂದು ವಾರ ಮರ್ತಿದ್ದಕ್ಕೆ ತಳ ಪೂರ್ತಿ ತುಕ್ಕು. ಈಗ ಕೆಲಸ ಆದ್ಮೇಲೆ ಹೊಲಿಗೆ ಮಷೀನ್ ಎಣ್ಣೆ ಸವರ್ತೀನಿ (ಕೊಬ್ಬರಿ ಎಣ್ಣೆ ಬೇಡ, ಅಂಟಂಟಾಗುತ್ತೆ), ಕೆಲಸದ ಮಧ್ಯೆ ಮೇಣದಬತ್ತಿ ಒಂದೆರಡು ಗೀಟು ಎಳೆದ್ರೆ ಎಷ್ಟು ಹಗುರಾಗಿ ಜಾರುತ್ತೆ ಅಂತೀರಾ.

ಒಂದೇ ತಗೋಳೋದಾದ್ರೆ 5 ತಗೊಳ್ಳಿ, ಚೆನ್ನಾಗಿ ಮಸೆದ್ರೆ ಅದ್ರಲ್ಲೇ ಫಿನಿಶಿಂಗೂ ಆಗುತ್ತೆ. ಮಿಕ್ಕಿದ ದುಡ್ಡಲ್ಲಿ ಒಂದು ಒಳ್ಳೆ ಮಸೆಯೋ ಕಲ್ಲು ತಗೊಳ್ಳಿ.