ಮೋಡೆಮ್ ಪ್ಲಗ್ ಕಿತ್ತ ಮೇಲೂ ಎಚ್ಚರಿಸುವುದು ಯಾವುದು?

ನಮ್ಮ ಮನೆಯಲ್ಲಿ ಗುಡುಗು ಶುರುವಾದರೆ ಅಪ್ಪಯ್ಯ ಮಾಡುವ ಮೊದಲ ಕೆಲಸ ಮೋಡೆಮ್ಮಿನ ಪ್ಲಗ್ ಕೀಳುವುದು. ಎರಡು ವರ್ಷದಲ್ಲಿ ಮೂರು ಮೋಡೆಮ್ ಸುಟ್ಟಿವೆ. ಹಾಗಾಗಿ ನಾನೂ ಬೇಡ ಅನ್ನುವುದಿಲ್ಲ.

ಮನೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಮೂಲೆಯಲ್ಲಿ. ಒಳಗೆ ಸಿಗ್ನಲ್ ಒಂದೇ ಕಡ್ಡಿ. ಎಸ್ಸೆಮ್ಮೆಸ್ ಬರುವಷ್ಟು ಇರುತ್ತದೆ, ಆ್ಯಪ್ ತೆರೆಯುವಷ್ಟು ಇರುವುದಿಲ್ಲ. ವಾಟ್ಸಾಪ್, ಫೋನ್ ಕರೆ ಎಲ್ಲ ವೈಫೈ ಮೇಲೆಯೇ. ಅಂದರೆ ಸಿಡಿಲಿನ ಎಚ್ಚರಿಕೆ ಯಾವಾಗ ಬೇಕೋ ಸರಿಯಾಗಿ ಅದೇ ಹೊತ್ತಿಗೆ ನೆಟ್ ಇರುವುದಿಲ್ಲ. ಬೆಂಗಳೂರಲ್ಲಿ ಕೂತು ಆ್ಯಪ್‌ಗಳನ್ನು ಹೋಲಿಸುವಾಗ ಇದು ನನ್ನ ತಲೆಗೇ ಬಂದಿರಲಿಲ್ಲ. ಏಪ್ರಿಲ್‌ನಲ್ಲಿ ಊರಿಗೆ ಹೋಗಿ ಅಪ್ಪಯ್ಯನ ಫೋನಿಗೆ ಸಿಕ್ಕಿದ್ದೆಲ್ಲ ಹಾಕಿಕೊಟ್ಟೆ. ಆಗಸ್ಟ್ ತನಕ ನೋಡಿದ ಮೇಲೆ ಈಗ ಬರೆಯುತ್ತಿದ್ದೇನೆ.

ಮೊದಲು ಸಚೇತ್. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಆ್ಯಪ್ ಇದು. ಮಳೆ, ಗಾಳಿ, ಸಿಡಿಲು, ಪ್ರವಾಹ, ಎಲ್ಲ ಎಚ್ಚರಿಕೆಯೂ ಒಂದೇ ಕಡೆ ಸಿಗುತ್ತದೆ. ಭಾಷೆ ಕನ್ನಡಕ್ಕೆ ಬದಲಿಸಿಕೊಳ್ಳಬಹುದು. ಇದರಲ್ಲಿ ನನಗೆ ತುಂಬ ಹಿಡಿಸಿದ್ದು, ನಾವಿರುವ ಜಾಗದ್ದು ಮಾತ್ರವಲ್ಲ, ಬೇರೆ ಜಿಲ್ಲೆಯದ್ದನ್ನೂ ಆರಿಸಿಕೊಳ್ಳಬಹುದು ಅನ್ನುವುದು. ನನ್ನ ಫೋನಿನಲ್ಲಿ ಬೆಂಗಳೂರಿನ ಜೊತೆ ಶಿವಮೊಗ್ಗವನ್ನೂ ಹಾಕಿಟ್ಟೆ.

ತೊಂದರೆ ಏನೆಂದರೆ ಜಿಲ್ಲೆ ಅನ್ನುವುದು ಮಳೆಗೆ ಬಹಳ ದೊಡ್ಡ ಅಳತೆ. ಶಿವಮೊಗ್ಗ ಜಿಲ್ಲೆಯಲ್ಲೇ ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಶಿಕಾರಿಪುರದ ಕಡೆ ಅದರ ಕಾಲುಭಾಗವೂ ಇಲ್ಲ. ಜುಲೈಯಲ್ಲಿ ದಿನಾ ಹಳದಿ ಎಚ್ಚರಿಕೆ, ದಿನಾ ಕಿತ್ತಳೆ ಎಚ್ಚರಿಕೆ. ಹವಾಮಾನ ಇಲಾಖೆ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6ರಿಂದ ಮೇಲೆ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ಅರವತ್ತೋ ಎಪ್ಪತ್ತೋ ಮಿಲಿಮೀಟರ್ ಅಂದರೆ ಅಪ್ಪಯ್ಯ ಕಂಬಳಿಕೊಪ್ಪೆ ಹಾಕಿಕೊಂಡು ತೋಟಕ್ಕೆ ಹೋಗುವ ಮಳೆ! ವಾರದಲ್ಲಿ ಅವರು ಆ ಶಬ್ದವನ್ನೇ ಬಂದ್ ಮಾಡಿಸಿದರು. "ಎಂತದೋ ಮಾರಾಯ ಇದು, ದಿನಾ ಕಾಗೆ ಕೂಗಿದ ಹಾಗೆ." ಹಾಗಂತ ಆ್ಯಪ್ ತೆಗೆದುಹಾಕಲಿಲ್ಲ. ಅವರ ಫೋನಿನಲ್ಲಿ ಸುಮ್ಮನಿದೆ, ನನ್ನ ಫೋನಿನಲ್ಲಿ ಕೆಂಪು ಬಂದಾಗ ನಾನು ಕರೆ ಮಾಡುತ್ತೇನೆ.

ಸಿಡಿಲಿಗೆ ಅಂತಲೇ ಇರುವುದು ದಾಮಿನಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಮಾಡಿದ್ದು. ನಾವಿರುವ ಜಾಗವನ್ನು ನಡುವೆ ಇಟ್ಟು 20 ಕಿಲೋಮೀಟರ್, 40 ಕಿಲೋಮೀಟರ್ ದೂರದ ಎರಡು ವೃತ್ತಗಳಲ್ಲಿ ಈಗಷ್ಟೇ ಸಿಡಿಲು ಎಲ್ಲಿ ಬಿತ್ತು ಅಂತ ನಕ್ಷೆಯಲ್ಲಿ ತೋರಿಸುತ್ತದೆ. ಸಚೇತ್ ಇಡೀ ಜಿಲ್ಲೆಯ ಮಾತಾಡಿದರೆ ಇದು ನಮ್ಮ ಗುಡ್ಡದ ಮಾತಾಡುತ್ತದೆ. ನನ್ನ ಮಟ್ಟಿಗೆ ಎಲ್ಲದಕ್ಕಿಂತ ಚೆನ್ನಾಗಿರುವ ಆ್ಯಪ್ ಇದೇ.

ಇದರ ಬೆಲೆ ನಮಗೆ ಗೊತ್ತಾಗಿದ್ದು ಮೇ ಕೊನೆಯಲ್ಲಿ. ಅಡಿಕೆಯ ಕೊಳೆರೋಗಕ್ಕೆ ಮೊದಲ ಸಲ ಔಷಧಿ ಹೊಡೆಯುವ ಸಮಯ ಅದು. ಈಗ ಮರ ಹತ್ತುವವರು ಸಿಗುವುದಿಲ್ಲ, ಉದ್ದದ ಕಾರ್ಬನ್ ಫೈಬರ್ ದೋಟಿಯಲ್ಲಿ ಕೆಳಗಿನಿಂದಲೇ ಹೊಡೆಯುತ್ತಾರೆ. ಕಾರ್ಬನ್ ಫೈಬರ್ ಕರೆಂಟ್ ಹರಿಸುತ್ತದೆ ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ, ಫೈಬರ್ ಅಂದರೆ ಪ್ಲಾಸ್ಟಿಕ್ ಅಂದುಕೊಂಡಿರುತ್ತಾರೆ. ಅಂಥ ದೋಟಿಯನ್ನು ಆಕಾಶಕ್ಕೆ ಎತ್ತಿ ಹಿಡಿದು ನಿಂತಿರುವಾಗ ಮೂವತ್ತು ಕಿಲೋಮೀಟರ್ ಆಚೆ ಸಿಡಿಲು ಬೀಳುತ್ತಿದೆ ಅಂತ ಗೊತ್ತಾದರೆ ದೋಟಿ ಇಳಿಸಿ ಮನೆ ಸೇರಲು ಸಮಯ ಸಿಗುತ್ತದೆ. ಅವತ್ತು ಹಾಗೇ ಆಯಿತು. ನಕ್ಷೆಯಲ್ಲಿ ಚುಕ್ಕೆಗಳು ಹೊರಗಿನ ವೃತ್ತದಿಂದ ಒಳಗಿನದಕ್ಕೆ ಬರುತ್ತಿದ್ದದ್ದನ್ನು ಅಪ್ಪಯ್ಯ ತಾವೇ ನೋಡಿ ಎಲ್ಲರನ್ನೂ ಕರೆದುಕೊಂಡು ಬಂದರು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವ ತನಕ ಯಾರೂ ಜಗಲಿ ಇಳಿಯಲಿಲ್ಲ. ಕಾಫಿ ಎರಡು ಸಲ ಆಯಿತು.

ಆದರೆ ಆ ನಕ್ಷೆ ತೆರೆದದ್ದು ತೋಟದ ಮೇಲಿನ ದಿಬ್ಬದಲ್ಲಿ. ಅಲ್ಲಿ ನೆಟ್ ಬರುತ್ತದೆ. ತಗ್ಗಿನ ತೋಟದಲ್ಲಿ ಇದ್ದಿದ್ದರೆ ದಾಮಿನಿ ಇದ್ದೂ ಇಲ್ಲದ ಹಾಗೆ. ಇನ್ನೊಂದು ಮಾತು. ಇಂಥ ಆ್ಯಪ್ ಹಾಕಿದ ಮೇಲೆ ಲೊಕೇಶನ್ ಅನುಮತಿಯನ್ನು "ಯಾವಾಗಲೂ" ಅಂತ ಕೊಡಿ, ಬ್ಯಾಟರಿ ಉಳಿಸುವ ಪಟ್ಟಿಯಿಂದ ಅದನ್ನು ಹೊರಗಿಡಿ. ಇಲ್ಲದಿದ್ದರೆ ಫೋನೇ ಅದನ್ನು ಮಲಗಿಸಿಬಿಡುತ್ತದೆ. ನಾವು ಹಾಕಿದ್ದ ಒಂದು ಆ್ಯಪ್ (ಹೆಸರು ಬೇಡ) ಮಳೆ ನಿಂತು, ಅಂಗಳದ ನೀರು ಇಂಗಿದ ಮೇಲೆ "ಮಳೆ ಬರಬಹುದು" ಅಂದಿತು. ತಪ್ಪು ಅದರದ್ದೋ, ನನ್ನ ಸೆಟ್ಟಿಂಗ್‌ದ್ದೋ, ಇವತ್ತಿಗೂ ಬಗೆಹರಿದಿಲ್ಲ.

ಮೇಘದೂತವನ್ನೂ ಹಾಕಿ ನೋಡಿದೆವು. ರೈತರಿಗೆ ಬೆಳೆಯ ಸಲಹೆ ಕೊಡುತ್ತದೆ, ಮಂಗಳವಾರ ಮತ್ತು ಶುಕ್ರವಾರ ಹೊಸದಾಗುತ್ತದೆ. ಓದಲು ಚೆನ್ನಾಗಿದೆ. ತುರ್ತಿಗೆ ಇದು ಅಲ್ಲ.

ಇನ್ನು ಯಾವ ಆ್ಯಪೂ ಬೇಡದ ದಾರಿ ಎರಡು. ಒಂದು, ಟವರ್‌ನಿಂದಲೇ ಬರುವ ಎಚ್ಚರಿಕೆ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಇದರ ಪರೀಕ್ಷೆ ನಡೆದಿತ್ತು, ನೆನಪಿದೆಯಾ? ಆಫೀಸಿನಲ್ಲಿ ಎಲ್ಲರ ಫೋನೂ ಒಟ್ಟಿಗೆ ಕಿರುಚಿ, ಮೀಟಿಂಗ್‌ನಲ್ಲಿದ್ದವರೆಲ್ಲ ಬೆಚ್ಚಿದ್ದರು. ಇದಕ್ಕೆ ನೋಂದಣಿ ಇಲ್ಲ, ನಂಬರ್ ಕೊಡಬೇಕಿಲ್ಲ. ಆ ಟವರ್ ಕೆಳಗಿರುವ ಫೋನಿಗೆಲ್ಲ ಹೋಗುತ್ತದೆ, ನೆಟ್ ಬೇಡ. ಮಾಡಬೇಕಾದ್ದು ಇಷ್ಟೇ: ಸೆಟ್ಟಿಂಗ್ಸ್‌ನಲ್ಲಿ ಸುರಕ್ಷತೆ ಮತ್ತು ತುರ್ತು ಅನ್ನುವ ಭಾಗಕ್ಕೆ ಹೋಗಿ, ವೈರ್‌ಲೆಸ್ ತುರ್ತು ಎಚ್ಚರಿಕೆ ಆನ್ ಇದೆಯಾ ನೋಡುವುದು. ಅಪ್ಪಯ್ಯನ ಫೋನಿನಲ್ಲಿ ಯಾರೋ ಆಫ್ ಮಾಡಿದ್ದರು. ಬಹುಶಃ ನಾನೇ. ಅಮ್ಮನ ಕೀಪ್ಯಾಡ್ ಫೋನಿಗೆ ಎಚ್ಚರಿಕೆ ಎಸ್ಸೆಮ್ಮೆಸ್ ಆಗಿ ಕನ್ನಡದಲ್ಲೇ ಬರುತ್ತದೆ. ಆದರೆ ಅಮ್ಮ ತೆರೆಯುವುದಿಲ್ಲ. ಮೆಸೇಜ್ ಬಂತೆಂದರೆ ರೀಚಾರ್ಜ್ ಮುಗಿಯಿತು ಅಂತಲೇ ಅವರ ಲೆಕ್ಕ.

ಎರಡನೆಯದು ವರುಣಮಿತ್ರ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸಹಾಯವಾಣಿ, ನಂಬರ್ 9243345433, ದಿನದ 24 ಗಂಟೆಯೂ ಇರುತ್ತದೆ. ಅಪ್ಪಯ್ಯ ಫೋನ್ ಮಾಡಿ ಹೋಬಳಿ, ಪಂಚಾಯ್ತಿ ಹೆಸರು ಹೇಳುತ್ತಾರೆ, ಆ ಕಡೆಯವರು ಕನ್ನಡದಲ್ಲೇ ಮಳೆ ಹೇಗಿರಬಹುದು ಅಂತ ಹೇಳುತ್ತಾರೆ. ರಾಜ್ಯದ ಗ್ರಾಮ ಪಂಚಾಯ್ತಿಗಳಲ್ಲೆಲ್ಲ ಈ ಕೇಂದ್ರದ ಮಳೆಮಾಪಕ ಇದೆ, ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತದೆ. ಹಾಗಾಗಿ ಜಿಲ್ಲೆಯ ಮಾತು ಇಲ್ಲಿಲ್ಲ. ನಿನ್ನೆ ಪಕ್ಕದ ಪಂಚಾಯ್ತಿಯಲ್ಲಿ ಎಷ್ಟು ಬಿತ್ತು ಅಂತಲೂ ಕೇಳಬಹುದು, ಅಪ್ಪಯ್ಯ ಕೇಳುತ್ತಾರೆ ಕೂಡ.

ಔಷಧಿ ಹೊಡೆಯುವವರಿಗೆ ಇದು ದೊಡ್ಡ ಉಪಕಾರ. ಮೈಲುತುತ್ತ, ಸುಣ್ಣ ಕಲಸಿದ ಮೇಲೆ ಅವತ್ತೇ ಖಾಲಿ ಮಾಡಬೇಕು, ಹೊಡೆದದ್ದು ಗೊನೆ ಮೇಲೆ ಒಣಗಲು ಕೆಲವು ಗಂಟೆ ಬಿಸಿಲು ಬೇಕು. ಬೆಳಿಗ್ಗೆ ಆರಕ್ಕೆ ಒಂದು ಫೋನ್ ಮಾಡಿ, ಆಮೇಲೆ ಡ್ರಮ್ಮಿಗೆ ನೀರು ಬಿಡುವುದು ಈಗ ರೂಢಿ. ಇದರ ಕೊರತೆ ಒಂದೇ: ತಾನಾಗಿ ಕರೆಯುವುದಿಲ್ಲ, ನಾವೇ ಕೇಳಬೇಕು. ರಾತ್ರಿ ಎರಡಕ್ಕೆ ಹೊಳೆ ಏರಿದರೆ ಇದು ನಮ್ಮನ್ನು ಎಬ್ಬಿಸುವುದಿಲ್ಲ.

ಹಾಗಾಗಿ ನಮ್ಮ ಮನೆಯಲ್ಲಿ ಈಗ ಇರುವುದು ಹೀಗೆ. ಅಪ್ಪಯ್ಯನಿಗೆ ಬೆಳಿಗ್ಗೆ ವರುಣಮಿತ್ರ, ಮಳೆಗಾಲಕ್ಕೆ ಮುಂಚಿನ ಎರಡು ತಿಂಗಳು ದಾಮಿನಿ, ರಾತ್ರಿಗೆ ಟವರ್ ಎಚ್ಚರಿಕೆ. ಸಚೇತ್ ನನ್ನ ಪಾಲಿಗೆ. ಒಂದನ್ನೇ ಹಾಕಿಕೊಳ್ಳುತ್ತೇನೆ ಅನ್ನುವವರಿಗೆ, ನೆಟ್ ಗಟ್ಟಿ ಇದ್ದರೆ ದಾಮಿನಿ, ಇಲ್ಲದಿದ್ದರೆ ಆ್ಯಪ್ ಆಸೆ ಬಿಟ್ಟು ಟವರ್ ಎಚ್ಚರಿಕೆ ಆನ್ ಮಾಡಿಕೊಳ್ಳಿ ಅನ್ನುತ್ತೇನೆ. ಸ್ವಿಚ್‌ಬೋರ್ಡ್ ಪಕ್ಕ ಒಂದು ರಟ್ಟು ಅಂಟಿಸಿದ್ದೇವೆ. ವರುಣಮಿತ್ರದ ನಂಬರ್, ಜಿಲ್ಲಾ ವಿಪತ್ತು ಸಹಾಯವಾಣಿ 1077, ತುರ್ತಿಗೆ 112. ಅದರ ಕೆಳಗೆ ಅಮ್ಮ ಪೆನ್ನಿನಲ್ಲಿ ಬರೆದಿದ್ದಾರೆ: "ಪ್ಲಗ್ ಕೀಳುವ ಮೊದಲು ಮಾಣಿಗೆ ಒಂದು ಫೋನ್ ಮಾಡುವುದು."